ಹಳೆಯ ಟೆಂಟ್‌ನ ಚೀಲ ಬಿಚ್ಚಿದಾಗ: ಕೊಳ್ಳುವ ಮುನ್ನ ದೋಷ ಗುರುತಿಸುವ ಕೈಪಿಡಿ

ಚಿತ್ರದುರ್ಗದ ನಮ್ಮ ಮನೆಯ ಅಟ್ಟದ ಮೇಲೆ ಈಗಲೂ ಒಂದು ಹಸಿರು ಟೆಂಟ್ ಇದೆ. ಅದನ್ನು ದಾವಣಗೆರೆಯಲ್ಲಿ ಒಬ್ಬರ ಮನೆಯ ಪಡಸಾಲೆಯಲ್ಲಿ ಚೀಲದ ಬಾಯಿಯನ್ನಷ್ಟೇ ಬಿಚ್ಚಿ ನೋಡಿ ಕೊಂಡಿದ್ದೆ. ಬಟ್ಟೆಯ ಹೊರಮೈ ಮಿನುಗುತ್ತಿತ್ತು, ಕಡ್ಡಿಗಳು ಲೆಕ್ಕಕ್ಕೆ ಸರಿಯಾಗಿದ್ದವು, ಬೆಲೆ ಹೊಸದರ ಮೂರನೆಯ ಒಂದು ಪಾಲು. ಹದಿನೈದು ದಿನಗಳ ನಂತರ ಚನ್ನಗಿರಿ ಕಡೆಯ ನೆಂಟರ ಅಡಿಕೆ ತೋಟದ ಪಕ್ಕದ ಕಣದಲ್ಲಿ ಅದನ್ನು ಹರಡಲು ಹೋದಾಗ ಒಳಮೈಯ ಮಡಿಕೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಎಳೆದರೆ ಹಲಸಿನ ಸೊನೆ ಮೆತ್ತಿದ ಬಟ್ಟೆಯಂತೆ ಪಚಪಚನೆ ಬಿಡಿಸಿಕೊಳ್ಳುತ್ತಿದ್ದವು. ಆ ರಾತ್ರಿ ಬಂದದ್ದು ದೊಡ್ಡ ಮಳೆಯೇನಲ್ಲ, ಆದರೂ ಹತ್ತು ಗಂಟೆಯ ಹೊತ್ತಿಗೆ ಮಕ್ಕಳ ಹಾಸಿಗೆ ನೆನೆದು, ಅವರನ್ನು ಕಾರಿನಲ್ಲಿ ಮಲಗಿಸಬೇಕಾಯಿತು. ಅಂದು ನನಗೆ ಗೊತ್ತಿರಬೇಕಾಗಿದ್ದ ಸಂಗತಿಗಳನ್ನು ಇಲ್ಲಿ ಬರೆದಿದ್ದೇನೆ.

ಮೊದಲ ಬಾರಿಗೆ ಬಯಲಿನಲ್ಲಿ ರಾತ್ರಿ ಕಳೆಯಲು ಹೊರಟ ಕುಟುಂಬವು ಹೊಸ ಟೆಂಟಿಗೆ ಪೂರ್ತಿ ಹಣ ಸುರಿಯಬೇಕಾಗಿಲ್ಲ. ಅನೇಕರು ಒಂದೆರಡು ಬಾರಿ ಬಳಸಿ ಮಾರಿಬಿಡುವುದರಿಂದ ಒಳ್ಳೆಯ ಹಳೆಯ ಟೆಂಟುಗಳು ಸಿಗುತ್ತವೆ. ಆದರೆ ಹಳೆಯ ಟೆಂಟ್‌ನ ದೋಷಗಳಲ್ಲಿ ಎರಡು ಜಾತಿಗಳಿವೆ. ಜಿಪ್ಪು, ಕಡ್ಡಿ, ಹಗ್ಗ, ಗೂಟ, ಸಣ್ಣ ಹರುಕು ಇವೆಲ್ಲ ಸರಿಪಡಿಸಬಹುದಾದವು. ಅವು ಚೌಕಾಸಿಗೆ ಕಾರಣವಾಗಬೇಕೇ ಹೊರತು ಭಯಕ್ಕಲ್ಲ. ಒಳಲೇಪ ಕೊಳೆತಿರುವುದು ಮತ್ತು ಬಟ್ಟೆ ಬಿಸಿಲಿಗೆ ಸತ್ತಿರುವುದು, ಈ ಎರಡಕ್ಕೆ ಮಾತ್ರ ಮನೆಮಟ್ಟದಲ್ಲಿ ಮದ್ದಿಲ್ಲ. ಇವೆರಡನ್ನೂ ಚೀಲ ಬಿಚ್ಚಿದ ಮೊದಲ ಹತ್ತು ನಿಮಿಷಗಳಲ್ಲಿ, ಒಂದು ರೂಪಾಯಿ ಖರ್ಚಿಲ್ಲದೆ, ಮೂಗು ಮತ್ತು ಬೆರಳಿನಿಂದಲೇ ಕಂಡುಹಿಡಿಯಬಹುದು. ಆದ್ದರಿಂದ ಪರೀಕ್ಷೆಯನ್ನು ಅಲ್ಲಿಂದಲೇ ಆರಂಭಿಸಬೇಕು.

ಮನೆ ಬಿಡುವ ಮುನ್ನ

ಮಾರುವವರೊಡನೆ ಫೋನಿನಲ್ಲಿ ಮೂರು ಪ್ರಶ್ನೆ ಕೇಳಿ: ಕೊನೆಯ ಬಾರಿ ಬಳಸಿದ್ದು ಯಾವಾಗ, ಮಡಿಸುವ ಮುನ್ನ ಒಣಗಿಸಿದ್ದು ಹೇಗೆ, ಈಗ ಇಟ್ಟಿರುವುದು ಎಲ್ಲಿ. ಟೆಂಟನ್ನು ತಗಡಿನ ಮಾಡಿನ ಕೆಳಗೋ ತಾರಸಿಯ ಕೋಣೆಯಲ್ಲೋ ವರ್ಷಗಟ್ಟಲೆ ಇಟ್ಟಿದ್ದರೆ, ಅದನ್ನು ಬಳಸಿದ್ದು ಎರಡೇ ಸಲವಾದರೂ ಅನುಮಾನಪಡಬೇಕು. ನಮ್ಮ ಸೀಮೆಯ ಬೇಸಿಗೆಯಲ್ಲಿ ಅಂಥ ಕೋಣೆಯ ಶಾಖ ಲೇಪವನ್ನು ಬೇಗ ಹಾಳು ಮಾಡುತ್ತದೆ.

ಅಳತೆಯನ್ನೂ ಆಗಲೇ ಕೇಳಿಬಿಡಿ. ‘ನಾಲ್ಕು ಜನರ ಟೆಂಟ್’ ಎಂದರೆ ನಾಲ್ಕು ಕಿರಿದಾದ ಹಾಸಿಗೆಗಳನ್ನು ಭುಜಕ್ಕೆ ಭುಜ ತಾಗುವಂತೆ ಹಾಸುವಷ್ಟು ಜಾಗ ಎಂದೇ ಅರ್ಥ. ಒಬ್ಬರಿಗೆ ಸುಮಾರು 60 ಸೆಂ.ಮೀ. ಅಗಲದ ಲೆಕ್ಕ ಅದು. ಸಾಮಾನು, ಮಗುವಿನ ಚೀಲ, ರಾತ್ರಿ ಎದ್ದು ಹೊರಗೆ ಹೋಗುವ ದಾರಿ ಯಾವುದೂ ಆ ಲೆಕ್ಕದಲ್ಲಿಲ್ಲ. ಗಂಡ, ಹೆಂಡತಿ, ಇಬ್ಬರು ಮಕ್ಕಳು ಇರುವ ಮನೆಗೆ ಆರು ಜನರ ಟೆಂಟ್ ಸರಿಯಾದ ಅಳತೆ. ಅಜ್ಜಿಯೂ ಬರುವುದಾದರೆ ನಡುವೆ ನಿಂತುಕೊಳ್ಳುವಷ್ಟು ಎತ್ತರವಿರುವುದನ್ನೇ ಹುಡುಕಿ, ಏಕೆಂದರೆ ಮೊಣಕಾಲು ನೋವಿರುವವರಿಗೆ ತೆವಳಿಕೊಂಡು ಒಳಹೋಗುವುದು ದೊಡ್ಡ ಶಿಕ್ಷೆ.

ಹೋಗುವಾಗ ಒಂದು ಟಾರ್ಚ್, ಅಳತೆ ಟೇಪು, ಹಳೆಯ ಹಲ್ಲುಜ್ಜುವ ಬ್ರಷ್ ಮತ್ತು ದಪ್ಪ ಬಟ್ಟೆಯ ಒಂದು ಜೊತೆ ಕೈಗವಸು ಜೊತೆಗಿರಲಿ. ಹಗಲಿನಲ್ಲೇ ಹೋಗಿ. ಟೆಂಟನ್ನು ಪೂರ್ತಿ ನಿಲ್ಲಿಸಿ ತೋರಿಸಲು ಜಾಗವಿಲ್ಲವೆಂದು ಮಾರುವವರು ಹೇಳಿದರೆ, ಹತ್ತಿರದ ಮೈದಾನಕ್ಕೆ ಬರಲು ವಿನಯದಿಂದ ಕೇಳಿ. ಅದಕ್ಕೂ ಒಪ್ಪದಿದ್ದರೆ ಹಣ ಕೊಡಬೇಡಿ.

ಲಕ್ಷಣ: ಹುಳಿ ವಾಸನೆ ಬರುತ್ತದೆ, ಬಟ್ಟೆ ಕೈಗೆ ಅಂಟುತ್ತದೆ

ಚೀಲದ ಬಾಯಿ ತೆರೆದ ಕೂಡಲೇ ಮೂಗನ್ನು ಹತ್ತಿರ ತನ್ನಿ. ಮಗು ಕಕ್ಕಿದ ಹಾಲಿನಂತೆಯೋ ಹಳೆಯ ಮೂತ್ರದಂತೆಯೋ ಹುಳಿ ವಾಸನೆ ಬಂದರೆ, ಅದು ಕೊಳೆಯ ವಾಸನೆಯೆಂದು ಎಣಿಸಿ ತೊಳೆದರೆ ಹೋದೀತು ಎಂದುಕೊಳ್ಳಬೇಡಿ. ಇಂದಿನ ಬಹುಪಾಲು ಟೆಂಟುಗಳ ಬಟ್ಟೆ ಪಾಲಿಯೆಸ್ಟರ್ ಅಥವಾ ನೈಲಾನ್. ನೀರನ್ನು ತಡೆಯುವುದು ಆ ನೂಲಲ್ಲ, ಅದರ ಒಳಮೈಗೆ ಬಳಿದಿರುವ ಪಾಲಿಯುರೆಥೇನ್ ಎಂಬ ತೆಳುವಾದ ಲೇಪ. ತೇವ ಮತ್ತು ಶಾಖ ಎರಡೂ ಸೇರಿದಾಗ ಈ ಲೇಪದ ಒಳಗಟ್ಟು ನೀರಿನಿಂದಲೇ ಮುರಿಯುತ್ತಾ ಹೋಗುತ್ತದೆ. ಮೊದಲು ವಾಸನೆ, ಆಮೇಲೆ ಅಂಟು, ಕೊನೆಗೆ ಬಿಳಿಯ ಚಕ್ಕೆಗಳು: ಈ ರೋಗ ನಡೆಯುವ ಕ್ರಮವೇ ಇದು.

ಬೆರಳಿನ ಪರೀಕ್ಷೆ ಹೀಗೆ. ಹೊದಿಕೆಯ, ಅಂದರೆ ಒಳಟೆಂಟ್‌ನ ಮೇಲೆ ಮಳೆ ತಡೆಯಲು ಹೊದಿಸುವ ಹೊರಬಟ್ಟೆಯ, ಒಳಮೈಯನ್ನು ಒಳಮೈಗೇ ತಾಗುವಂತೆ ಮಡಿಸಿ, ಅಂಗೈಗಳ ನಡುವೆ ಇಪ್ಪತ್ತು ಎಣಿಸುವವರೆಗೆ ಒತ್ತಿ ಹಿಡಿದು ನಿಧಾನವಾಗಿ ಬಿಡಿಸಿ. ಆರೋಗ್ಯವಾಗಿರುವ ಬಟ್ಟೆ ಸದ್ದಿಲ್ಲದೆ ಜಾರಿ ಬಿಡಿಸಿಕೊಳ್ಳುತ್ತದೆ. ಸ್ವಲ್ಪ ತಡೆದು ಬಿಡಿಸಿಕೊಂಡರೆ ರೋಗ ಆರಂಭವಾಗಿದೆ. ಸದ್ದು ಮಾಡುತ್ತಾ ಬಿಟ್ಟರೆ ಅಥವಾ ಬೆರಳ ತುದಿಗೆ ಹೊಟ್ಟಿನಂಥ ಪುಡಿ ಹತ್ತಿದರೆ ಆ ಟೆಂಟ್‌ನ ಆಯುಸ್ಸು ಮುಗಿದಿದೆ. ಈ ಪರೀಕ್ಷೆಯನ್ನು ಕನಿಷ್ಠ ಮೂರು ಕಡೆ ಮಾಡಿ: ಮಧ್ಯಭಾಗದಲ್ಲಿ, ಒಂದು ಮೂಲೆಯಲ್ಲಿ, ಮತ್ತು ಮಡಿಕೆಯ ತೀರಾ ಒಳಗೆ ಗಾಳಿಯಾಡದೆ ಇದ್ದ ಜಾಗದಲ್ಲಿ. ನಾನು ಕೊಂಡ ಟೆಂಟ್‌ನ ಹೊರಮಡಿಕೆ ಚೆನ್ನಾಗಿಯೇ ಇತ್ತು. ಒಳಗಿನ ಮಡಿಕೆಗೆ ನಾನು ಕೈ ಹಾಕಲೇ ಇಲ್ಲ.

ಹಳೆಯ ಲೇಪವನ್ನು ಉಜ್ಜಿ ತೆಗೆದು ಹೊಸದನ್ನು ಬಳಿಯಬಹುದು ಎಂದು ಹೇಳುವವರಿದ್ದಾರೆ. ಚಿಕ್ಕ ಟೆಂಟಿಗೆ ಅದು ಸಾಧ್ಯವಿರಬಹುದು. ಕುಟುಂಬದ ಟೆಂಟ್‌ನ ಅಷ್ಟಗಲದ ಬಟ್ಟೆಗೆ ಹಿಡಿಯುವ ಲೇಪದ ಹಣ, ಉಜ್ಜುವ ದಿನಗಳ ದುಡಿಮೆ ಎರಡನ್ನೂ ಕೂಡಿಸಿದರೆ ಇನ್ನೊಂದು ಒಳ್ಳೆಯ ಹಳೆಯ ಟೆಂಟ್ ಬರುತ್ತದೆ. ಹೀಗಾಗಿ ಇಲ್ಲಿಗೆ ಪರೀಕ್ಷೆ ನಿಲ್ಲಿಸಿ, ಕೈಮುಗಿದು ಹೊರಡುವುದೇ ಸರಿ. ನುಸಿ ಗುಳಿಗೆಯ ಅಥವಾ ಸುಗಂಧದ ಗಾಢ ವಾಸನೆ ಬಂದರೆ ಬಟ್ಟೆಯನ್ನು ಹೊರಗೆ ಹರವಿ, ಅರ್ಧ ಗಂಟೆ ಗಾಳಿಗೆ ಬಿಟ್ಟು ಮತ್ತೆ ಮೂಸಿ ನೋಡಿ. ಅದರಡಿ ಬೇರೆ ವಾಸನೆ ಅಡಗಿರಬಹುದು.

ಲಕ್ಷಣ: ಮುಗ್ಗಲು ವಾಸನೆ, ಕಪ್ಪು ಚುಕ್ಕೆಗಳು

ಇದು ಬೇರೆಯೇ ದೋಷ. ಮಳೆಗಾಲದಲ್ಲಿ ಒಣಗದ ಬಟ್ಟೆಯಂಥ ಮುಗ್ಗಲು ವಾಸನೆಯೂ ಕಾಳುಮೆಣಸಿನ ಪುಡಿ ಚೆಲ್ಲಿದಂಥ ಕಪ್ಪು ಚುಕ್ಕೆಗಳೂ ಇದ್ದರೆ ಅದು ಬೂಷ್ಟು. ಪಾಲಿಯೆಸ್ಟರ್ ಮತ್ತು ನೈಲಾನಿನ ನೂಲನ್ನು ಬೂಷ್ಟು ತಿನ್ನುವುದಿಲ್ಲ. ಅದು ಮೇಲಿನ ಕೊಳೆ ಮತ್ತು ಲೇಪದ ಮೇಲೆ ಬೆಳೆಯುತ್ತದೆ. ಹತ್ತಿಯ ಕ್ಯಾನ್ವಾಸ್ ಆದರೆ ನೂಲನ್ನೇ ತಿಂದುಹಾಕುತ್ತದೆ. ಆದ್ದರಿಂದ ಕ್ಯಾನ್ವಾಸ್ ಟೆಂಟ್‌ನಲ್ಲಿ ಚುಕ್ಕೆ ಇರುವ ಜಾಗವನ್ನು ಎರಡು ಕೈಯಿಂದ ಬಿಗಿಯಾಗಿ ಎಳೆದು ನೋಡಿ. ಜಗ್ಗಿ ನಿಂತರೆ ಕೊಳ್ಳಬಹುದು, ಪಿಸಿದರೆ ಬೇಡ.

ಕೆಲವೇ ಚುಕ್ಕೆಗಳಿದ್ದರೆ ಬಿಳಿ ವಿನೆಗರ್‌ಗೆ ಸಮಪ್ರಮಾಣದ ನೀರು ಬೆರೆಸಿ, ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ತಿಳಿನೀರಿನಲ್ಲಿ ಜಾಲಿಸಿ, ನೆರಳಿನಲ್ಲಿ ಒಣಗಿಸಿದರೆ ವಾಸನೆ ಹೋಗುತ್ತದೆ. ಕಲೆ ಉಳಿದುಕೊಂಡರೂ ಚಿಂತೆಯಿಲ್ಲ. ಬ್ಲೀಚಿಂಗ್ ಪುಡಿ, ಬಟ್ಟೆ ತೊಳೆಯುವ ಯಂತ್ರ, ಒಗೆಯುವ ಕಲ್ಲು ಈ ಮೂರನ್ನೂ ದೂರವಿಡಿ. ಲೇಪ ಹರಿಯುವುದು ಅವುಗಳಿಂದಲೇ. ಮನೆಯಲ್ಲಿ ಉಬ್ಬಸ ಇರುವವರು, ಅದರಲ್ಲೂ ಮಕ್ಕಳು ಇದ್ದರೆ, ಬೂಷ್ಟು ಹಿಡಿದ ಟೆಂಟ್ ಎಷ್ಟು ಅಗ್ಗಕ್ಕೆ ಬಂದರೂ ತರಬೇಡಿ. ಮುಚ್ಚಿದ ಬಟ್ಟೆಯೊಳಗೆ ಇಡೀ ರಾತ್ರಿ ಅದೇ ಗಾಳಿಯನ್ನು ಉಸಿರಾಡಬೇಕಾಗುತ್ತದೆ.

ಲಕ್ಷಣ: ಮೇಲ್ಭಾಗದ ಬಣ್ಣ ಬಿಳಚಿದೆ

ಮಡಿಕೆಯ ಒಳಗಿನ ಬಣ್ಣವನ್ನೂ ನೆತ್ತಿಯ ಬಣ್ಣವನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿ. ಎರಡೂ ಒಂದೇ ಇದ್ದರೆ ಈ ಭಾಗವನ್ನು ಬಿಟ್ಟು ಮುಂದೆ ಹೋಗಬಹುದು. ಬಾಗಿಲ ಬಳಿ ಕಡುನೀಲಿಯಾಗಿದ್ದು ನೆತ್ತಿಯಲ್ಲಿ ಬೂದಿ ಬಣ್ಣಕ್ಕೆ ತಿರುಗಿದ್ದರೆ, ಆ ಟೆಂಟ್ ಬಹಳ ದಿನ ಬಿಸಿಲಿನಲ್ಲಿ ನಿಂತಿದೆ. ಬಾಡಿಗೆಗೆ ಕೊಡುವ ತಂಗುತಾಣಗಳು ತಮ್ಮ ಟೆಂಟುಗಳನ್ನು ತಿಂಗಳುಗಟ್ಟಲೆ ಇಳಿಸದೆ ನಿಲ್ಲಿಸಿರುತ್ತವೆ. ಅಲ್ಲಿಂದ ಬಂದ ಮಾಲನ್ನು ಈ ಪರೀಕ್ಷೆಯಿಲ್ಲದೆ ಕೊಳ್ಳಲೇಬಾರದು. ಸೂರ್ಯನ ಅತಿನೇರಳೆ ಕಿರಣ ನೂಲಿನ ಬಲವನ್ನೇ ಕಳೆಯುತ್ತದೆ, ಪಾಲಿಯೆಸ್ಟರ್‌ಗಿಂತ ನೈಲಾನ್ ಇದಕ್ಕೆ ಬೇಗ ಸೋಲುತ್ತದೆ. ಬಣ್ಣ ಬಿಳಚುವುದೇ ದೋಷವಲ್ಲ. ಅದು ದೋಷದ ಸುಳಿವು.

ಖಚಿತಪಡಿಸಿಕೊಳ್ಳಲು, ನೆತ್ತಿಯ ಹತ್ತಿರ ಹೊಲಿಗೆಯಿಂದ ಒಂದು ಗೇಣು ದೂರದಲ್ಲಿ ಬಟ್ಟೆಯನ್ನು ಎರಡೂ ಹೆಬ್ಬೆರಳುಗಳ ನಡುವೆ ಹಿಡಿದು, ಮಾರುವವರ ಒಪ್ಪಿಗೆ ಪಡೆದು, ಹೊರಕ್ಕೆ ದೃಢವಾಗಿ ಎಳೆಯಿರಿ. ಗಟ್ಟಿ ಬಟ್ಟೆ ಕೈಗೆ ಎದುರು ನಿಲ್ಲುತ್ತದೆ. ಬಿಸಿಲಿಗೆ ಸತ್ತ ಬಟ್ಟೆಯಿಂದ ಒಣಗಿದ ಬಾಳೆಲೆ ಸೀಳುವಂಥ ಸಣ್ಣ ಸದ್ದು ಬರುತ್ತದೆ, ಎಷ್ಟೋ ಬಾರಿ ಅಲ್ಲಿಯೇ ಹರಿದುಹೋಗುತ್ತದೆ. ಹಾಗೆ ಹರಿದ ಜಾಗಕ್ಕೆ ತೇಪೆ ಹಾಕಿಸಿ ಪ್ರಯೋಜನವಿಲ್ಲ, ಏಕೆಂದರೆ ತೇಪೆಯ ಅಂಚಿನಿಂದ ಮತ್ತೆ ಹರಿಯುತ್ತದೆ. ಇದು ಬಿಟ್ಟು ಹೊರಡಬೇಕಾದ ಎರಡನೆಯ ಜಾಗ.

ಲಕ್ಷಣ: ಜಿಪ್ ಎಳೆದರೂ ಹಿಂದಿನಿಂದ ಬಿಚ್ಚಿಕೊಳ್ಳುತ್ತದೆ

ಹೆಚ್ಚಿನವರು ಈ ಒಂದು ದೋಷ ಕಂಡ ಕೂಡಲೇ ಟೆಂಟನ್ನೇ ಬೇಡವೆನ್ನುತ್ತಾರೆ, ಇನ್ನು ಕೆಲವರು ಇಡೀ ಜಿಪ್ಪನ್ನು ಬದಲಿಸಲು ಸಾವಿರಗಟ್ಟಲೆ ಲೆಕ್ಕ ಹಾಕುತ್ತಾರೆ. ಎರಡೂ ತಪ್ಪು. ದಾವಣಗೆರೆಯಲ್ಲಿ ಶಾಲಾ ಚೀಲ, ಸೂಟ್‌ಕೇಸ್ ರಿಪೇರಿ ಮಾಡುವ ಒಂದು ಸಣ್ಣ ಅಂಗಡಿಗೆ ನಮ್ಮ ಎರಡನೆಯ ಟೆಂಟ್‌ನ ಬಾಗಿಲನ್ನು ಒಯ್ದು, ಜಿಪ್ ಪೂರ್ತಿ ಹೊಸದು ಹಾಕಿಕೊಡಿ ಎಂದೆ. ಅಂಗಡಿಯವರು ಹಲ್ಲುಗಳ ಮೇಲೆ ಉಗುರಾಡಿಸಿ ನೋಡಿ, “ಹಲ್ಲೆಲ್ಲ ಚೆನ್ನಾಗೇ ಅದಾವಲ್ಲ ಸಾರ್, ರನ್ನರ್ ಬಾಯಿ ಅಗಲ ಆಗೈತಿ ಅಷ್ಟೇ. ರನ್ನರ್ ಬದಲಿಸಿದ್ರೆ ಸಾಕು, ಜಿಪ್ ಯಾಕೆ ಕೀಳಿಸ್ತೀರಿ?” ಎಂದರು. ಹತ್ತು ನಿಮಿಷದ ಕೆಲಸವಾಯಿತು.

ಅವರು ಹೇಳಿದ್ದೇ ಮೊದಲ ಪರೀಕ್ಷೆ. ಜಿಪ್ಪಿನ ಹಲ್ಲುಗಳಲ್ಲಿ ಎಲ್ಲಿಯೂ ಮುರಿದಿಲ್ಲ, ಬಳ್ಳಿಯಂತೆ ಸುತ್ತಿದ ಎಳೆ ಪಟ್ಟಿಯಿಂದ ಕಿತ್ತುಬಂದಿಲ್ಲ ಎಂದಾದರೆ ದೋಷ ರನ್ನರ್‌ನದು. ಮೊದಲು ಒಣ ಬ್ರಷ್‌ನಿಂದ ಮಣ್ಣು ಕೆರೆದು ತೆಗೆಯಿರಿ. ನಮ್ಮ ಕೆಂಪುಮಣ್ಣಿನ ಧೂಳು ತುಂಬಿದ ಜಿಪ್ಪು ಕೆಟ್ಟುಹೋದಂತೆಯೇ ಕಾಣುತ್ತದೆ. ಆಮೇಲೆ ಮೇಣದಬತ್ತಿಯನ್ನು ಹಲ್ಲಿನ ಉದ್ದಕ್ಕೂ ಒಮ್ಮೆ ತಿಕ್ಕಿ ಎಳೆದು ನೋಡಿ. ಎಣ್ಣೆ ಹಾಕಬೇಡಿ, ಅದು ಇನ್ನಷ್ಟು ಧೂಳು ಹಿಡಿಯುತ್ತದೆ. ಅದರಿಂದಲೂ ಸರಿಹೋಗದಿದ್ದರೆ ಇಕ್ಕಳದಿಂದ ರನ್ನರ್‌ನ ಹಿಂಬದಿಯ ಎರಡೂ ಅಂಚುಗಳನ್ನು ಒಂದೇ ಸಮನಾಗಿ, ಕೂದಲೆಳೆಯಷ್ಟು ಮಾತ್ರ ಒತ್ತಿ. ಹೆಚ್ಚು ಒತ್ತಿದರೆ ರನ್ನರ್ ಒಡೆಯುತ್ತದೆ. ಹಲ್ಲುಗಳೇ ಕಿತ್ತಿದ್ದರೆ ಮಾತ್ರ ಜಿಪ್ ಬದಲಿಸಬೇಕಾಗುತ್ತದೆ. ಆ ಖರ್ಚನ್ನು ಬೆಲೆಯಿಂದ ಇಳಿಸಿಕೊಳ್ಳಿ. ಸೊಳ್ಳೆಪರದೆಯ ಜಿಪ್ಪನ್ನು ಮರೆಯದೆ ಪರೀಕ್ಷಿಸಿ. ಕೆರೆಯ ದಂಡೆಯಲ್ಲಿ ಮಲಗುವಾಗ ಹೊರಬಾಗಿಲಿಗಿಂತ ಅದೇ ಮುಖ್ಯ. ಚೇಳು, ಹಾವು ಒಳಬರದಂತೆ ತಡೆಯುವುದೂ ಅದೇ.

ಲಕ್ಷಣ: ನಿಲ್ಲಿಸಿದ ಟೆಂಟ್ ಒಂದು ಕಡೆಗೆ ವಾಲುತ್ತದೆ

ಈಗ ಟೆಂಟನ್ನು ನಿಲ್ಲಿಸಿ. ಕಡ್ಡಿಗಳಿಗೆ ಕೈ ಹಾಕುವ ಮುನ್ನ ದಪ್ಪ ಬಟ್ಟೆಯ ಕೈಗವಸು ಹಾಕಿಕೊಳ್ಳುವುದು ಕಡ್ಡಾಯ. ಅಗ್ಗದ ಟೆಂಟುಗಳ ಕಡ್ಡಿ ಫೈಬರ್‌ಗ್ಲಾಸ್‌ನದು. ಅದು ಸವೆದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಸಿಬಿರುಗಳು ಎದ್ದು ಚರ್ಮದೊಳಕ್ಕೆ ಇಳಿಯುತ್ತವೆ, ತೆಗೆಯುವುದು ಕಷ್ಟ. ಮಕ್ಕಳು ಕಡ್ಡಿಯನ್ನು ಬಾಗಿಸಲು ಬಿಡಬೇಡಿ, ಒಡೆದ ತುದಿ ಕಣ್ಣಿನ ಎತ್ತರಕ್ಕೇ ಚಿಮ್ಮುತ್ತದೆ.

ಪ್ರತಿ ತುಂಡನ್ನೂ ಬೆಳಕಿಗೆ ಹಿಡಿದು ಉದ್ದುದ್ದ ಬಿಳಿ ಗೆರೆಗಳಿವೆಯೇ ನೋಡಿ. ತುಂಡುಗಳು ಕೂಡುವ ಲೋಹದ ಕೊಳವೆಯ ಬಾಯಲ್ಲಿ ಸೀಳು ಬೀಳುವುದು ಹೆಚ್ಚು. ಕಡ್ಡಿಯೊಳಗಿನ ಎಲಾಸ್ಟಿಕ್ ದಾರ ಜೋತುಬಿದ್ದಿದ್ದರೆ ಅದು ದೋಷವೆಂದೇ ಲೆಕ್ಕವಲ್ಲ, ಒಂದು ಸಂಜೆಯಲ್ಲಿ ಬದಲಿಸಿಕೊಳ್ಳಬಹುದು. ಒಂದೆರಡು ತುಂಡು ಸೀಳಿದ್ದರೆ ಅಷ್ಟೇ ದಪ್ಪ, ಅಷ್ಟೇ ಉದ್ದದ ತುಂಡು ತರಿಸಬೇಕು. ಅದಕ್ಕಾಗಿ ದಪ್ಪವನ್ನು ಮಿಲಿಮೀಟರ್‌ನಲ್ಲಿ ಅಳೆದು ಬರೆದುಕೊಳ್ಳಿ, ಅರ್ಧ ಮಿಲಿಮೀಟರ್ ವ್ಯತ್ಯಾಸವಾದರೂ ಕೂಡುವುದಿಲ್ಲ. ಅಲ್ಯೂಮಿನಿಯಂ ಕಡ್ಡಿ ಬಳಸಿ ಬಳಸಿ ಸ್ವಲ್ಪ ಬಿಲ್ಲಾಗಿರುವುದು ಸಹಜ. ಒಂದೇ ಜಾಗದಲ್ಲಿ ಮೊಣಕೈಯಂತೆ ಮಡಿದಿದ್ದರೆ ನೆಟ್ಟಗೆ ಮಾಡಲು ಹೋಗಬೇಡಿ, ಅಲ್ಲಿಯೇ ಮುರಿಯುತ್ತದೆ.

ಕಡ್ಡಿಗಳೆಲ್ಲ ಸರಿಯಿದ್ದೂ ಟೆಂಟ್ ವಾಲಿದರೆ, ಎರಡು ಕಡ್ಡಿ ಅದಲುಬದಲಾಗಿವೆಯೇ ನೋಡಿ. ಮೊದಲ ಬಾರಿ ನಿಲ್ಲಿಸುವವರಲ್ಲಿ ಇದೇ ಹೆಚ್ಚು.

ಲಕ್ಷಣ: ನೆಲದ ಹಾಸಿನಲ್ಲಿ ಬೆಳಕಿನ ಚುಕ್ಕೆಗಳು

ಟೆಂಟ್‌ನೊಳಗೆ ಒಬ್ಬರು ಹೋಗಿ ಬಾಗಿಲು ಮುಚ್ಚಿಕೊಳ್ಳಲಿ. ಹೊರಗಿನವರು ನೆಲದ ಒಂದೊಂದೇ ಅಂಚನ್ನು ಎತ್ತಿ ಕೆಳಗಿನಿಂದ ಟಾರ್ಚ್ ಹಾಯಿಸಲಿ. ಒಳಗೆ ಮಲಗಿದವರಿಗೆ ಪ್ರತಿಯೊಂದು ತೂತೂ ನಕ್ಷತ್ರದಂತೆ ಕಾಣುತ್ತದೆ. ಬಳ್ಳಾರಿ ಜಾಲಿ ಬೆಳೆದ ಬಯಲಿನಲ್ಲಿ ಒಮ್ಮೆ ಹಾಸಿದ್ದರೂ ಇಂಥ ಹತ್ತಾರು ಚುಕ್ಕೆ ಇರುತ್ತವೆ. ಸೂಜಿಮೊನೆಯ ತೂತುಗಳಿಗೆ ಒಂದೊಂದು ತೊಟ್ಟು ಸೀಲಿಂಗ್ ಅಂಟು (ನೀರು ಸೋರದಂತೆ ತೂತು, ಹೊಲಿಗೆ ಮುಚ್ಚುವ ಅಂಟು) ಸಾಕು. ಬೆರಳಗಲದವುಗಳಿಗೆ, ಸ್ಪಿರಿಟ್ ಹಾಕಿ ಒರೆಸಿ, ಮೂಲೆಗಳನ್ನು ದುಂಡಗೆ ಕತ್ತರಿಸಿದ ತೇಪೆಯನ್ನು ಎರಡೂ ಬದಿಗೆ ಅಂಟಿಸಿ. ಚೌಕ ತೇಪೆಯ ಮೂಲೆ ಬೇಗ ಎದ್ದುಬರುತ್ತದೆ. ಅಂಚು ಕಚ್ಚಿ ತಿಂದಂತಿರುವ ದೊಡ್ಡ ತೂತು ಇಲಿಯ ಕೆಲಸ. ಮೆಕ್ಕೆಜೋಳದ ಚೀಲಗಳ ಜೊತೆ ಗೋದಾಮಿನಲ್ಲಿ ಇಟ್ಟಿದ್ದ ಟೆಂಟಾದರೆ ಮಡಿಕೆ ಮಡಿಕೆಗೂ ಅದೇ ಅಂತರದಲ್ಲಿ ತೂತು ಮರುಕಳಿಸಿರುತ್ತದೆ, ಆದ್ದರಿಂದ ಒಂದು ಕಂಡರೆ ಉಳಿದವನ್ನು ಎಣಿಸಿ ಆಮೇಲೆ ಬೆಲೆ ಮಾತಾಡಿ.

ಲಕ್ಷಣ: ಒಳಗೆ ನೀರು ಕಾಣುತ್ತದೆ

ಟೆಂಟ್‌ನ ದೂರುಗಳಲ್ಲಿ ಅತಿ ಹೆಚ್ಚು ತಪ್ಪಾಗಿ ಅರ್ಥವಾಗುವುದು ಇದೇ. ಒಳಗೆ ಕಂಡ ನೀರೆಲ್ಲ ಸೋರಿದ ನೀರಲ್ಲ. ಮಲಗಿದ ಒಬ್ಬೊಬ್ಬರ ಉಸಿರು ಮತ್ತು ಬೆವರಿನಿಂದ ರಾತ್ರಿ ಕಳೆಯುವುದರಲ್ಲಿ ಸುಮಾರು ಒಂದು ಲೋಟ ನೀರು ಆವಿಯಾಗುತ್ತದೆ. ನಾಲ್ಕು ಜನರೆಂದರೆ ನಾಲ್ಕು ಲೋಟ. ಚಳಿಗಾಲದ ಬೆಳಗಿನ ಜಾವ ಹೊದಿಕೆ ತಣ್ಣಗಾದಾಗ ಅದೇ ಆವಿ ಒಳಮೈಯಲ್ಲಿ ಹನಿಗಟ್ಟುತ್ತದೆ. ಮಳೆ ಬಾರದ ರಾತ್ರಿಯೂ ಒಳಗೆ ಒದ್ದೆಯಾಗಿದ್ದರೆ, ಅಥವಾ ಹನಿಗಳು ಇಡೀ ಮೈಗೆ ಸಮನಾಗಿ ಹರಡಿದ್ದರೆ, ಅದು ಉಸಿರಿನ ನೀರು. ಮೇಲಿನ ಗಾಳಿಕಿಂಡಿಗಳನ್ನು ತೆರೆದಿಡುವುದು, ಹೊದಿಕೆಯನ್ನು ಒಳಟೆಂಟಿಗೆ ತಾಗದಂತೆ ಬಿಗಿಯಾಗಿ ಎಳೆದು ಕಟ್ಟುವುದು ಇದಕ್ಕಿರುವ ಪರಿಹಾರ. ಹೀಗಾಗಿ ಕೊಳ್ಳುವಾಗ ಮೇಲುಗಡೆ ಕಿಂಡಿ ಇದೆಯೇ, ಹೊದಿಕೆಗೂ ಒಳಗೋಡೆಗೂ ನಡುವೆ ಅಂಗೈಯಗಲ ಜಾಗ ಉಳಿಯುತ್ತದೆಯೇ ಎಂಬುದನ್ನು ನೋಡಿಕೊಳ್ಳಿ. ಒಂದೇ ಪದರದ ಟೆಂಟ್ ಹಗುರವೂ ಅಗ್ಗವೂ ಹೌದು, ಆದರೆ ಕುಟುಂಬಕ್ಕೆ ನಾನು ಹೇಳುವುದಿಲ್ಲ.

ನೀರು ಒಂದು ಗೆರೆಯಾಗಿ ಇಳಿದಿದ್ದರೆ, ಅಥವಾ ಒಂದೇ ಮೂಲೆಯಲ್ಲಿ ನಿಂತಿದ್ದರೆ, ಆಗ ಸೋರಿಕೆಯನ್ನು ಹುಡುಕಬೇಕು. ಸೂಜಿ ಹಾದ ಪ್ರತಿಯೊಂದು ಜಾಗವೂ ಒಂದು ತೂತೇ ಆದ್ದರಿಂದ, ಹೊಲಿಗೆಯ ಒಳಬದಿಗೆ ಪಾರದರ್ಶಕ ಪಟ್ಟಿಯನ್ನು ಬಿಸಿಮಾಡಿ ಅಂಟಿಸಿರುತ್ತಾರೆ. ಅದು ಅಂಚಿನಿಂದ ಎದ್ದು ಹಾವಿನ ಪೊರೆಯಂತೆ ಸುಲಿದಿದ್ದರೆ ನೀರು ಅಲ್ಲಿಂದಲೇ ಬರುತ್ತದೆ. ಸುಲಿದ ಪಟ್ಟಿಯ ಕೆಳಗಿನ ಬಟ್ಟೆಯನ್ನು ಮುಟ್ಟಿ ನೋಡಿ. ಬಟ್ಟೆ ಒಣಗಿ ನಯವಾಗಿದ್ದರೆ ಸಂತೋಷದ ವಿಷಯ: ಸಡಿಲ ಪಟ್ಟಿ ಕಿತ್ತು, ಸ್ಪಿರಿಟ್‌ನಿಂದ ಒರೆಸಿ, ಹೊಲಿಗೆಯುದ್ದಕ್ಕೂ ಸೀಲಿಂಗ್ ಅಂಟನ್ನು ಸಣ್ಣ ಬ್ರಷ್‌ನಲ್ಲಿ ಎಳೆದು ಒಂದು ದಿನ ಒಣಗಿಸಿದರೆ ಸಾಕು. ಬಟ್ಟೆಯೇ ಅಂಟಂಟಾಗಿದ್ದರೆ ಮೊದಲು ಹೇಳಿದ ಲೇಪದ ರೋಗವೇ ಅದು. ಅಂಟು ಕೊಳ್ಳುವಾಗ ಇನ್ನೊಂದು ಎಚ್ಚರ ಬೇಕು. ಸಿಲಿಕೋನ್ ಲೇಪದ ಬಟ್ಟೆಗೆ ಸಿಲಿಕೋನ್ ಅಂಟೇ ಹಿಡಿಯುತ್ತದೆ, ಪಾಲಿಯುರೆಥೇನ್ ಲೇಪಕ್ಕೆ ಪಾಲಿಯುರೆಥೇನ್ ಅಂಟು. ಹೊಲಿಗೆಗೆ ಪಟ್ಟಿ ಅಂಟಿಸಿರುವ ಟೆಂಟಾದರೆ ಅದರ ಒಳಲೇಪ ಪಾಲಿಯುರೆಥೇನ್ ಎಂದೇ ಬಹುಮಟ್ಟಿಗೆ ತಿಳಿಯಬಹುದು.

ಮಳೆ ಬಂದಾಗ ಹೊರಮೈ ನೀರು ಕುಡಿದು ಕಡುಬಣ್ಣಕ್ಕೆ ತಿರುಗುತ್ತದೆ, ಹನಿಗಳು ಜಾರುವುದಿಲ್ಲ ಎಂಬುದು ಇನ್ನೊಂದು ದೂರು. ಹೊರಮೈಯ ನೀರು ಜಾರಿಸುವ ಲೇಪ ಸವೆದಿದೆ ಎಂದಷ್ಟೇ ಅದರ ಅರ್ಥ. ಒಳಲೇಪ ಚೆನ್ನಾಗಿದ್ದರೆ ಅದು ಸೋರುವುದಿಲ್ಲ, ಸಿಂಪಡಿಸುವ ದ್ರವದಿಂದ ಮತ್ತೆ ಸರಿಯಾಗುತ್ತದೆ.

ಟೆಂಟ್‌ನ ಲೇಬಲ್ಲಿನಲ್ಲಿ 1500 ಮಿ.ಮೀ., 3000 ಮಿ.ಮೀ. ಎಂದು ಬರೆದಿರುವುದು ಬಟ್ಟೆ ಎಷ್ಟು ಎತ್ತರದ ನೀರಿನ ಕಂಬವನ್ನು ಸೋರದೆ ತಡೆಯಬಲ್ಲದು ಎಂಬ ಅಳತೆ. ಹೊದಿಕೆಗೆ 1500 ಇದ್ದರೆ ನಮ್ಮ ಕಡೆಯ ಮಳೆಗೆ ಸಾಲುತ್ತದೆ. ಮೊಣಕಾಲೂರಿ ಒತ್ತುವ ನೆಲಕ್ಕೆ 3000 ಇರುವುದು ಒಳ್ಳೆಯದು. ಆದರೆ ಅದು ಹೊಸದಾಗಿದ್ದಾಗಿನ ಅಂಕಿ. ಹಳೆಯದನ್ನು ನೀರು ಹಾಕಿಯೇ ನೋಡಬೇಕು. ತೋಟದ ಪೈಪಿನಿಂದ ಮೇಲಕ್ಕೆ ಚಿಮ್ಮಿಸಿ, ಹನಿಗಳು ಮಳೆಯಂತೆ ಮೇಲಿನಿಂದ ಬೀಳುವಂತೆ ಇಪ್ಪತ್ತು ನಿಮಿಷ ಬಿಡಿ. ಪೈಪಿನ ಧಾರೆಯನ್ನು ನೇರವಾಗಿ ಹೊಲಿಗೆಗೆ ಗುರಿ ಹಿಡಿದರೆ ಹೊಸ ಟೆಂಟೂ ಸೋರುತ್ತದೆ, ಅದು ನ್ಯಾಯದ ಪರೀಕ್ಷೆಯಲ್ಲ. ಒಳಗೆ ಕೂತವರು ಒಣ ಟಿಶ್ಯೂ ಕಾಗದವನ್ನು ಹೊಲಿಗೆಗಳ ಮೇಲೆ ಒತ್ತುತ್ತಾ ಹೋಗಲಿ. ತೇವ ಹತ್ತಿದ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಲಿ. ಐದಾರು ಗುರುತುಗಳಾದರೆ ಒಂದು ಡಬ್ಬಿ ಅಂಟಿನ ಕೆಲಸ. ಎಣಿಸಲಾರದಷ್ಟಾದರೆ, ಅಥವಾ ಹೊಲಿಗೆಯಿಲ್ಲದ ನಡುಬಟ್ಟೆಯಲ್ಲೇ ತೇವ ಮೂಡಿದರೆ, ಕೊಳ್ಳಬೇಡಿ.

ಲಕ್ಷಣ: ಗಾಳಿಗೆ ಗೂಟಗಳು ಕಿತ್ತುಬರುತ್ತವೆ

ಇದನ್ನು ಟೆಂಟ್‌ನ ದೋಷವೆಂದು ಹಳಿಯುವ ಮೊದಲು ನೆಲವನ್ನು ನೋಡಿ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸಾಲಾಗಿ ನಿಲ್ಲಿಸಿರುವುದು ಅಲ್ಲಿ ಬೀಸುವ ಗಾಳಿಯನ್ನು ನಂಬಿಯೇ. ಆಷಾಢದಲ್ಲಿ ಅದು ಬಟ್ಟೆಯನ್ನು ಹಗಲಿರುಳು ಬಡಿಯುತ್ತದೆ. ಟೆಂಟ್‌ನೊಡನೆ ಬರುವ ತೆಳ್ಳನೆಯ ತಂತಿಗೂಟಗಳು ನಮ್ಮ ಗರಸು ನೆಲದಲ್ಲಿ ಎರಡೇ ಏಟಿಗೆ ಬಾಗುತ್ತವೆ, ಎರೆಭೂಮಿಯಲ್ಲಿ ಮಳೆ ಬಿದ್ದ ಕೂಡಲೇ ಬೆಣ್ಣೆಯಿಂದ ಕಡ್ಡಿ ಎದ್ದಂತೆ ಎದ್ದುಬರುತ್ತವೆ. ಗರಸಿಗೆ ಗಟ್ಟಿ ಕಬ್ಬಿಣದ ಮೊಳೆಯಂಥ ಗೂಟ ಬೇಕು, ಕುಲುಮೆಯಲ್ಲಿ ಗೇಣುದ್ದದವನ್ನು ತಲೆ ಮಡಿಸಿ ಮಾಡಿಸಿಕೊಳ್ಳಬಹುದು. ಎರೆಮಣ್ಣಿಗೆ ಅಗಲವಾದ, ಮೊಳದುದ್ದದ ಮರದ ಗೂಟವೇ ವಾಸಿ. ಎರಡಕ್ಕೂ ತಲೆಯನ್ನು ಟೆಂಟಿನಿಂದ ಆಚೆಗೆ ವಾಲಿಸಿ ಹೊಡೆಯಬೇಕು.

ಟೆಂಟ್‌ನಲ್ಲಿಯೇ ನೋಡಬೇಕಾದದ್ದು ಹಗ್ಗ ಕಟ್ಟುವ ಕುಣಿಕೆಗಳನ್ನು. ಪ್ರತಿಯೊಂದು ಕುಣಿಕೆಯನ್ನೂ ಬಲವಾಗಿ ಜಗ್ಗಿ. ಬುಡದಲ್ಲಿ ಹೊಲಿಗೆ ಬಿಟ್ಟಿದ್ದರೆ ದರ್ಜಿಯಿಂದ ದಪ್ಪ ಪಾಲಿಯೆಸ್ಟರ್ ದಾರದಲ್ಲಿ ಹೊಲಿಸಿ, ಆ ಹೊಲಿಗೆಗೂ ಅಂಟು ಬಳಿಯಿರಿ. ಬಟ್ಟೆಯೇ ಕಿತ್ತು ಬಂದಿದ್ದರೆ ಒಳಬದಿಗೆ ಬೇರೆ ಬಟ್ಟೆಯ ಆಸರೆ ಕೊಡಿಸದೆ ಹೊಲಿಸಬೇಡಿ.

ಲಕ್ಷಣ: ಒಳಗಿದ್ದವರಿಗೆ ತಲೆನೋವು, ವಾಕರಿಕೆ, ಮಂಪರು

ಇಲ್ಲಿ ಟೆಂಟನ್ನು ಪರೀಕ್ಷಿಸುತ್ತಾ ಕೂರಬೇಡಿ. ಒಳಗೆ ಅಥವಾ ಬಾಗಿಲ ಮುಂದಿನ ಪಡಸಾಲೆಯಲ್ಲಿ ಇದ್ದಿಲು, ಸೀಮೆಎಣ್ಣೆ ಅಥವಾ ಗ್ಯಾಸ್ ಒಲೆ ಉರಿಯುತ್ತಿದ್ದರೆ, ಅಥವಾ ಚಳಿಗೆಂದು ಕೆಂಡದ ಬಾಣಲೆ ಇಟ್ಟಿದ್ದರೆ, ಅದು ಕಾರ್ಬನ್ ಮಾನಾಕ್ಸೈಡ್ ವಿಷ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರನ್ನು ಎಬ್ಬಿಸದೆಯೇ ಕೊಲ್ಲುತ್ತದೆ. ಹೊಗೆಯಾಡದ, ಬೂದಿ ಮುಚ್ಚಿದ ಕೆಂಡವೂ ಅಷ್ಟೇ ಅಪಾಯಕಾರಿ. ಎಲ್ಲರನ್ನೂ ಕೂಡಲೇ ಬಯಲಿಗೆ ಎಳೆದು ತನ್ನಿ, 108ಕ್ಕೆ ಕರೆ ಮಾಡಿ. ಚೇತರಿಸಿಕೊಂಡಂತೆ ಕಂಡರೂ ವೈದ್ಯರಿಗೆ ತೋರಿಸಲೇಬೇಕು. ಅಡುಗೆಯನ್ನು ಟೆಂಟಿನಿಂದ ಹತ್ತು ಹೆಜ್ಜೆ ದೂರದಲ್ಲಿ, ಗಾಳಿಯ ಕೆಳಬದಿಗೆ ಮಾಡಿ. ಪಾಲಿಯೆಸ್ಟರ್ ಬೆಂಕಿಗೆ ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಹಗಲಿನಲ್ಲಿ ಇದೇ ಲಕ್ಷಣ ಕಂಡು ಒಲೆ ಏನೂ ಇಲ್ಲದಿದ್ದರೆ ಬಿಸಿಲಿನ ಝಳ ಕಾರಣವಾಗಿರಬಹುದು. ಏಪ್ರಿಲ್‌ನಲ್ಲಿ ನಡುಹಗಲಿನ ಟೆಂಟ್‌ನೊಳಗೆ ಮಗುವನ್ನು ಮಲಗಿಸಬೇಡಿ.

ಗುಡುಗು ಕೇಳಿಸಿದರೆ ಯಾವ ಟೆಂಟೂ ರಕ್ಷಣೆಯಲ್ಲ. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ನಮ್ಮ ಕಡೆ ಮಳೆಗಿಂತ ಮೊದಲು ಸಿಡಿಲು ಬರುತ್ತದೆ; ಗಾಜು ಏರಿಸಿದ ಕಾರಿನೊಳಗೆ ಅಥವಾ ಗಟ್ಟಿ ಕಟ್ಟಡದೊಳಗೆ ಸೇರಿಕೊಳ್ಳಿ.

ಮೊದಲ ರಾತ್ರಿ

ಇಷ್ಟೆಲ್ಲ ದಾಟಿದ ಟೆಂಟನ್ನು ಮನೆಗೆ ತಂದ ಮೇಲೆ ಮೊದಲ ರಾತ್ರಿಯನ್ನು ನೆಂಟರ ಹೊಲದಲ್ಲೋ ಸ್ವಂತ ಅಂಗಳದಲ್ಲೋ, ಬಾಗಿಲು ತಟ್ಟಿದರೆ ತೆರೆಯುವ ಮನೆಯ ಹತ್ತಿರವೇ ಕಳೆಯಿರಿ. ಚಿತ್ರದುರ್ಗದ ಕೋಟೆಯಲ್ಲಿ ರಾತ್ರಿ ತಂಗಲು ಅವಕಾಶವಿಲ್ಲ. ಜೋಗಿಮಟ್ಟಿ ಕಾಡಿನಲ್ಲಿಯೂ, ಜಗಳೂರು ಕಡೆಯ ರಂಗಯ್ಯನದುರ್ಗದ ಕೊಂಡುಕುರಿ ಅಭಯಾರಣ್ಯದಲ್ಲಿಯೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಗೂಟ ಹೊಡೆಯುವಂತಿಲ್ಲ. ವಾಣಿವಿಲಾಸ ಸಾಗರದ ಹಿನ್ನೀರಿನ ಕಡೆಗಾಗಲಿ ಸೂಳೆಕೆರೆಯ ದಂಡೆಗಾಗಲಿ ಹೋಗುವುದಾದರೆ, ಜಮೀನು ಯಾರದೆಂದು ಕೇಳಿ ಒಪ್ಪಿಗೆ ಪಡೆದು, ನೀರಿನಂಚಿನಿಂದ ಎತ್ತರದ ಜಾಗದಲ್ಲಿ ಹಾಸಿ. ಹಳ್ಳದ ಪಾತ್ರ ಎಷ್ಟೇ ಒಣಗಿ ಮೆತ್ತಗೆ ಕಂಡರೂ ಅಲ್ಲಿ ಮಲಗಬೇಡಿ. ಮಳೆ ದೂರದ ಗುಡ್ಡದಲ್ಲಿ ಬಿದ್ದರೂ ನೀರು ಇಲ್ಲಿಗೆ ಬರುತ್ತದೆ.

ಹಾಸುವ ಮುನ್ನ ಚಪ್ಪಲಿ ಹಾಕಿಕೊಂಡು ನೆಲವನ್ನೆಲ್ಲ ಕೈಯಾಡಿಸಿ ಜಾಲಿಮುಳ್ಳು, ಗಾಜು ಆಯ್ದು ತೆಗೆಯಿರಿ. ಕೆಳಗೆ ತಾಡಪಾಲು ಹಾಕುವುದಾದರೆ ಅದರ ಅಂಚು ಟೆಂಟ್‌ನ ನೆಲಕ್ಕಿಂತ ನಾಲ್ಕು ಬೆರಳು ಒಳಗೇ ಇರಲಿ; ಹೊರಗೆ ಚಾಚಿದರೆ ಹೊದಿಕೆಯಿಂದ ಇಳಿದ ಮಳೆನೀರನ್ನು ಹಿಡಿದು ನಿಮ್ಮ ಬೆನ್ನ ಕೆಳಗೇ ತಂದು ನಿಲ್ಲಿಸುತ್ತದೆ. ಬೆಳಿಗ್ಗೆ ಮಡಿಸುವಾಗ ತೇವವಿದ್ದರೆ ಚೀಲಕ್ಕೆ ತುರುಕಿ ತಂದರೂ ಪರವಾಗಿಲ್ಲ, ಆದರೆ ಅದೇ ದಿನ ಮನೆಯಲ್ಲಿ ಬಿಚ್ಚಿ, ನೆರಳಿನಲ್ಲಿ ಹಗ್ಗದ ಮೇಲೆ ಹರವಿ, ಹೊಲಿಗೆಯ ಮಡಿಕೆಗಳು ಮುಟ್ಟಿದರೆ ಗರಿಗರಿ ಅನ್ನುವವರೆಗೆ ಬಿಡಿ. ನಾವೀಗ ಎರಡನೆಯ ಟೆಂಟನ್ನು ಅದರ ಬಿಗಿ ಚೀಲದಲ್ಲಿ ಇಡುವುದೇ ಇಲ್ಲ. ಹಳೆಯ ಹತ್ತಿ ದಿಂಬಿನ ಗವಸಿಗೆ ಸಡಿಲವಾಗಿ ತುಂಬಿ, ಅಟ್ಟಕ್ಕೆ ಹಾಕದೆ, ಒಳಕೋಣೆಯ ಮಂಚದ ಕೆಳಗೆ ಇಟ್ಟಿದ್ದೇವೆ.